ಮೀನಿನ ಮೈಮೇಲೆ ಬಿಳಿ ಚುಕ್ಕೆ: ಚುಕ್ಕೆ ಹೋದ ಮೇಲೂ ಚಿಕಿತ್ಸೆ ನಿಲ್ಲಿಸಬೇಡಿ

ಟೆಟ್ರಾ, ಏಂಜೆಲ್, ಗೌರಾಮಿ, ಮೋಲಿ ಇವೆಲ್ಲ ಬೆಚ್ಚಗಿನ ನೀರಿನ ಮೀನುಗಳು. 24ರಿಂದ 28 ಡಿಗ್ರಿ ಇದ್ದರೆ ಆರಾಮವಾಗಿರುತ್ತವೆ. ಬೆಂಗಳೂರು, ಮೈಸೂರು ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಳಿ 15–16 ಡಿಗ್ರಿಗೆ ಇಳಿಯುತ್ತದೆ. ಹೀಟರ್ ಇಲ್ಲದ ಟ್ಯಾಂಕ್‌ನಲ್ಲಿ ಮೀನುಗಳು ಮಂಕಾಗುತ್ತವೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಬಾಲ, ರೆಕ್ಕೆಗಳ ಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ.

ಮುಂದೆ ನಡೆಯುವುದು ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಅಂಗಡಿಯಿಂದ ನೀಲಿ ಔಷಧಿ ಬರುತ್ತದೆ, ಅಂದಾಜಿನ ಮೇಲೆ ಸುರಿಯುತ್ತಾರೆ. ಎರಡು ಮೂರು ದಿನದಲ್ಲಿ ಚುಕ್ಕೆ ಮಾಯ. ಔಷಧಿಯೂ ಬಂದ್. ವಾರ ಕಳೆಯುವಷ್ಟರಲ್ಲಿ ಚುಕ್ಕೆ ಮತ್ತೆ ಹಾಜರ್, ಈ ಸಲ ಇನ್ನೂ ಜಾಸ್ತಿ. ಔಷಧಿ ಡೂಪ್ಲಿಕೇಟ್ ಅಂತ ಅಂಗಡಿಯವನನ್ನು ಬೈಯುವುದಕ್ಕೆ ಮೊದಲು ಸ್ವಲ್ಪ ತಾಳ್ಮೆಯಿಂದ ಹೀಗೆ ಮಾಡಿ.

ಮೊದಲು ನೀರು

ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತಿದೆ, ಮೂಲೆ ಹಿಡಿದಿದೆ, ತಿನ್ನುತ್ತಿಲ್ಲ. ಇದೆಲ್ಲ ರೋಗವೇ ಆಗಬೇಕಿಲ್ಲ, ನೀರು ಕೆಟ್ಟಿದ್ದರೂ ಹೀಗೇ ಆಡುತ್ತವೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಇಟ್ಟುಕೊಳ್ಳಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಸ್ವಲ್ಪ ಕಂಡರೂ ಅವತ್ತೇ ಮೂರರಲ್ಲೊಂದು ಭಾಗ ನೀರು ಬದಲಿಸಿ. ಪಿಎಚ್ 8 ದಾಟಿದ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಹೆಚ್ಚು, ಬೋರ್‌ವೆಲ್ ನೀರು ಬಳಸುವವರು ಇದನ್ನು ಗಮನದಲ್ಲಿಡಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಹಾಕದೆ ಟ್ಯಾಂಕ್‌ಗೆ ಸುರಿಯಬೇಡಿ. ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕ್‌ನಿಂದ ಬರುವ ಕೊರೆಯುವ ನೀರನ್ನು ನೇರ ಹಾಕುವುದೂ ಬೇಡ. ಎಷ್ಟೋ ಕಡೆ ಬಿಳಿ ಚುಕ್ಕೆ ಶುರುವಾಗುವುದು ಈ ತಣ್ಣೀರಿನ ಶಾಕ್‌ನಿಂದಲೇ.

ಆಮೇಲೆ ಮೀನು

ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಒಂದೊಂದೂ ಬೇರೆಯಾಗಿ ಎಣಿಸಬಹುದಾದ, ಒಂದು ಮಿಲಿಮೀಟರ್‌ನೊಳಗಿನ ಉಬ್ಬಿದ ಚುಕ್ಕೆಯಾದರೆ ಅದು ವೈಟ್ ಸ್ಪಾಟ್. ಮೀನು ಕಲ್ಲಿಗೆ, ಗಿಡಕ್ಕೆ ಮೈ ಉಜ್ಜುತ್ತಿರುತ್ತದೆ. ಕೆಲವೊಮ್ಮೆ ರೋಗ ಕಿವಿರಿನೊಳಗೆ ಮಾತ್ರ ಇರುತ್ತದೆ. ಆಗ ಮೈಮೇಲೆ ಏನೂ ಕಾಣದು, ಬರೀ ಏದುಸಿರು.

ಇನ್ನೂ ಸಣ್ಣ, ಹಳದಿ ಮಿಶ್ರಿತ ಚಿನ್ನದ ಬಣ್ಣದ ಪುಡಿ ಮೈಗೆ ಮೆತ್ತಿದಂತಿದ್ದರೆ ಅದು ವೆಲ್ವೆಟ್ ರೋಗ. ಗಾಯದ ಮೇಲೆ ಹತ್ತಿಯಂಥ ಗೊಂಚಲಾದರೆ ಫಂಗಸ್. ರೆಕ್ಕೆಯ ಅಂಚು ಹರಿದು ಸವೆಯುತ್ತಿದ್ದರೆ ಅದು ಫಿನ್ ರಾಟ್, ಬ್ಯಾಕ್ಟೀರಿಯಾ ಕೆಲಸ. ಹೊಟ್ಟೆ ಊದಿ ಹುರುಪೆಗಳೆಲ್ಲ ಎದ್ದು ನಿಂತಿದ್ದರೆ ಡ್ರಾಪ್ಸಿ. ಆ ಹಂತ ತಲುಪಿದ ಮೀನು ಉಳಿಯುವುದು ಕಷ್ಟ.

ಬಾಯಿಯ ಸುತ್ತ, ಬೆನ್ನಿನ ಮೇಲೆ ಬೂದು ಬಿಳಿ ಪಟ್ಟೆ ಕಂಡರೆ ಮಾತ್ರ ಹುಷಾರ್. ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ ಅದು. ಬಿಳಿ ಚುಕ್ಕೆಗೆ ನೀರು ಬಿಸಿ ಮಾಡುವುದು ಒಳ್ಳೆಯದು, ಆದರೆ ಇದು ಬಿಸಿಯಲ್ಲಿ ಇನ್ನೂ ವೇಗವಾಗಿ ಹರಡುತ್ತದೆ. ರೋಗ ಗುರುತಿಸದೆ ಹೀಟರ್ ತಿರುಗಿಸಬೇಡಿ ಅನ್ನುವುದು ಇದಕ್ಕೇ.

ಗೋಲ್ಡ್‌ಫಿಷ್ ಸಾಕಿದವರಿಗೆ ಒಂದು ಮಾತು. ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಚುಕ್ಕೆ ಇದ್ದು ಮೀನು ಚುರುಕಾಗಿದ್ದರೆ ಗಾಬರಿ ಬೇಡ. ಗಂಡು ಮೀನು ಪ್ರಾಯಕ್ಕೆ ಬಂದಿದೆ, ಅಷ್ಟೇ!

ಚುಕ್ಕೆ ಎಲ್ಲಿಗೆ ಹೋಗುತ್ತದೆ?

ಇಡೀ ಚಿಕಿತ್ಸೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಬಿಳಿ ಚುಕ್ಕೆ ಒಂದು ಏಕಕೋಶ ಜೀವಿ, ಹೆಸರು ಇಕ್ತಿಯೋಫ್ತಿರಿಯಸ್. ಅಕ್ವೇರಿಯಂನವರು ಚಿಕ್ಕದಾಗಿ ‘ಇಕ್’ ಅನ್ನುತ್ತಾರೆ. ಅದು ಮೀನಿನ ಚರ್ಮದ ಒಳಗೆ ಕುಳಿತು ಬೆಳೆಯುತ್ತದೆ. ಅಲ್ಲಿಗೆ ಯಾವ ಔಷಧಿಯೂ ತಲುಪುವುದಿಲ್ಲ. ಬಲಿತ ಮೇಲೆ ತಾನಾಗಿ ಕಳಚಿ ತಳಕ್ಕೆ ಬೀಳುತ್ತದೆ. ನಮಗೆ ರೋಗ ವಾಸಿಯಾದಂತೆ ಕಾಣುವುದು ಆಗಲೇ. ತಳದ ಜಲ್ಲಿಯಲ್ಲಿ ಅದು ಸುತ್ತ ಒಂದು ಕೋಶ ಕಟ್ಟಿಕೊಂಡು ಒಳಗೊಳಗೇ ಒಡೆದು ನೂರಾರು ಮರಿಗಳಾಗುತ್ತದೆ. ಕೋಶದೊಳಗೂ ಔಷಧಿ ಇಳಿಯದು. ಮರಿಗಳು ಹೊರಬಂದು ಮೀನು ಹುಡುಕುತ್ತಾ ಈಜುತ್ತವೆ. ಸುಮಾರು ಎರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ.

25 ಡಿಗ್ರಿಯ ಆಸುಪಾಸಿನಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯಲ್ಲಿ ತಿಂಗಳಿಗೂ ಮೀರುತ್ತದೆ. ನೀರು ಬಿಸಿ ಮಾಡಿದರೆ ಕೋಶದಲ್ಲಿ ಅಡಗಿದ್ದು ಬೇಗ ಹೊರಬರುತ್ತದೆ, ಬೇಗ ಸಾಯುತ್ತದೆ.

ಚಿಕಿತ್ಸೆ

ಟ್ಯಾಂಕ್‌ನಲ್ಲಿ ಎಷ್ಟು ನೀರಿದೆ ಅಂತ ಲೆಕ್ಕ ಹಾಕಿ. ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಸುಮಾರು 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 50ಕ್ಕಿಂತ ಕಮ್ಮಿಯೇ. ಲೆಕ್ಕಕ್ಕೆ 50 ಇಟ್ಟುಕೊಳ್ಳೋಣ.

ಹೀಟರನ್ನು ಕೆಲವು ಗಂಟೆಗೆ ಒಂದೊಂದು ಡಿಗ್ರಿಯಂತೆ ಏರಿಸಿ, ಎರಡು ದಿನದಲ್ಲಿ 30 ಡಿಗ್ರಿಗೆ ತನ್ನಿ. ಹೀಟರ್ ಮೇಲಿನ ನಂಬರ್ ನಂಬಬೇಡಿ, ಬೇರೆ ಥರ್ಮಾಮೀಟರ್ ಹಾಕಿ ನೋಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ. ಹಾಗಾಗಿ ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ. ಗೋಲ್ಡ್‌ಫಿಷ್‌ಗೆ ಮಾತ್ರ ಇಷ್ಟು ಬಿಸಿ ಬೇಡ.

ಜೊತೆಗೆ ಲೀಟರ್‌ಗೆ 2 ಗ್ರಾಂ ಉಪ್ಪು. ನಮ್ಮ ಟ್ಯಾಂಕ್‌ಗೆ 100 ಗ್ರಾಂ ಆಯಿತು. ಏನೂ ಬೆರೆಸದ ಕಲ್ಲುಪ್ಪು ಸಾಕು. ಟ್ಯಾಂಕ್ ನೀರಿನಲ್ಲೇ ಕರಗಿಸಿ, ಮೂರು ಪಾಲು ಮಾಡಿ, ಅರ್ಧ ದಿನಕ್ಕೊಂದು ಪಾಲಿನಂತೆ ಹಾಕಿ. ಎರಡು ದಿನಕ್ಕೊಮ್ಮೆ ಪೈಪಿನಿಂದ ತಳದ ಕಸ ಎಳೆದು ಕಾಲು ಭಾಗ ನೀರು ಬದಲಿಸಿ. ತಳದಲ್ಲಿರುವ ಕೋಶಗಳಲ್ಲಿ ಎಷ್ಟೋ ಅದರ ಜೊತೆಗೇ ಹೊರಟುಹೋಗುತ್ತವೆ. ನೀರು ತೆಗೆಯುವ ಮೊದಲು ಹೀಟರ್ ಪ್ಲಗ್ ಕಿತ್ತಿಡಿ. 12 ಲೀಟರ್ ಹೊಸ ನೀರು ಹಾಕಿದರೆ 24 ಗ್ರಾಂ ಉಪ್ಪು ಮಾತ್ರ ಸೇರಿಸಿ. ಪ್ರತಿ ಸಲ 100 ಗ್ರಾಂ ಹಾಕುತ್ತಾ ಹೋದರೆ ಉಪ್ಪಿನಿಂದಲೇ ಮೀನು ಸಾಯುತ್ತದೆ.

ಗಿಡ ತುಂಬಿದ ಟ್ಯಾಂಕ್‌ಗೆ, ಕೋರಿಡೋರಾಸ್‌ನಂಥ ಮೀನಿಗೆ ಉಪ್ಪು ಒಗ್ಗದು. ನಾಲ್ಕೈದು ದಿನವಾದರೂ ರೋಗ ಜಾಸ್ತಿಯಾಗುತ್ತಲೇ ಇದ್ದರೂ ದಾರಿ ಬದಲಿಸಬೇಕು. ಆಗ ಮಲಕೈಟ್ ಗ್ರೀನ್ ಇರುವ ಔಷಧಿಯನ್ನು ಲೇಬಲ್ ನೋಡಿ ಅಳೆದು ಹಾಕಿ. ಟೆಟ್ರಾ, ಲೋಚ್, ಕ್ಯಾಟ್‌ಫಿಷ್‌ಗಳಿಗೆ ಅರ್ಧ ಪ್ರಮಾಣ. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಹೀರಿಬಿಡುತ್ತದೆ. ಕೈಗೆ ಗ್ಲೌಸ್ ಇರಲಿ, ಇದು ಮನುಷ್ಯರಿಗೂ ಒಳ್ಳೆಯದಲ್ಲ. ಮೆಥಿಲೀನ್ ಬ್ಲೂ ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಅದೇನಿದ್ದರೂ ಬೇರೆ ತೊಟ್ಟಿಗೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ಸುರಿಯುವವರೂ ಇದ್ದಾರೆ. ಇಕ್‌ಗೆ ಅದರಿಂದ ನಯಾಪೈಸೆ ಪ್ರಯೋಜನವಿಲ್ಲ.

ಕೊನೆಯ ಚುಕ್ಕೆ ಕಾಣೆಯಾದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಅಲ್ಲಿಂದ ಇನ್ನೊಂದು ವಾರ ಬಿಸಿ, ಉಪ್ಪು ಹಾಗೇ ಮುಂದುವರಿಯಲಿ. ಔಷಧಿ ಹಾಕುತ್ತಿದ್ದರೆ ಅದೂ ಲೇಬಲ್‌ನಲ್ಲಿರುವ ಅಂತರದಲ್ಲೇ ನಡೆಯಲಿ. ಆಮೇಲೆ ನೀರು ಬದಲಿಸುತ್ತಾ ನಿಧಾನವಾಗಿ ಮಾಮೂಲಿಗೆ ತನ್ನಿ. ಕಾಯಿಲೆ ಬಿದ್ದ ಒಂದು ಮೀನನ್ನು ಬೇರೆ ಇಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ, ಮರಿಗಳು ಆಗಲೇ ಟ್ಯಾಂಕ್‌ನಲ್ಲಿವೆ ಅಲ್ವಾ?

ಮುಂದೆ ಹೊಸ ಮೀನು ತಂದರೆ ಮೂರು ನಾಲ್ಕು ವಾರ ಬೇರೆ ಡಬ್ಬದಲ್ಲಿಟ್ಟು ನೋಡಿ. ಪ್ಲಾಸ್ಟಿಕ್ ಕವರಿನ ನೀರನ್ನು ಟ್ಯಾಂಕ್‌ಗೆ ಸುರಿಯಬೇಡಿ. ಬಲೆ, ಪೈಪು ಬಿಸಿಲಲ್ಲಿ ಪೂರ್ತಿ ಒಣಗಲಿ, ಒಣಗಿದರೆ ಇಕ್ ಉಳಿಯುವುದಿಲ್ಲ. ಉಪ್ಪು, ಔಷಧಿ ಬೆರೆತ ನೀರನ್ನು ಹೂಕುಂಡಕ್ಕೂ ಹಾಕಬೇಡಿ, ಕೆರೆಗೂ ಬಿಡಬೇಡಿ. ಬಚ್ಚಲಿಗೆ ಚೆಲ್ಲಿ.