ಕರ್ನಲ್ ಬಿಲ್ಡ್ ಕೊನೆಯಲ್ಲಿ ನಿಂತುಹೋದರೆ

ತೆಂಗಿನ ತೋಟದ ಬೋರ್‌ವೆಲ್ ಮೋಟಾರಿಗೆ ನಿಗಾ ಇಡುವ ಪುಟ್ಟ ಬೋರ್ಡೊಂದನ್ನು ತುಮಕೂರಿನ ಕೆಲವು ವಿದ್ಯಾರ್ಥಿಗಳು ಸಿದ್ಧಪಡಿಸುತ್ತಿದ್ದರು. ಬೋರ್ಡಿನ ಲಿನಕ್ಸ್ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಡಿಸ್‌ಪ್ಲೇ ಡ್ರೈವರ್ (ಪರದೆಯನ್ನು ನಡೆಸುವ ಕೋಡ್) ಸೇರಿಸಿದ್ದೇ ತಡ, ಕೋಡಿನಿಂದ ಕರ್ನಲ್ ಕಟ್ಟುವ ಕೆಲಸ, ಅಂದರೆ ಬಿಲ್ಡ್, ಕಂಪೈಲ್ ಆದ ತುಣುಕುಗಳನ್ನು ಒಂದಾಗಿ ಜೋಡಿಸುವ ಲಿಂಕಿಂಗ್ ಹಂತಕ್ಕೆ ಬಂದು ನಿಂತಿತು. ಸಿಕ್ಕಸಿಕ್ಕ ಆಯ್ಕೆಗಳನ್ನೆಲ್ಲ ಬದಲಿಸುತ್ತಾ ಅವರು ಎರಡು ದಿನ ಕಳೆದಿದ್ದರು. ಹಾಗೆ ಮಾಡಬೇಡಿ. ಮೊದಲು ಕರ್ನಲ್ ಆಯ್ಕೆಗಳೆಲ್ಲ ಇರುವ ‘ಡಾಟ್ ಕಾನ್ಫಿಗ್’ ಫೈಲಿನ ಪ್ರತಿ ತೆಗೆದಿಡಿ.

ಪರದೆಯ ಕೊನೆಯ ಸಾಲು ‘ಎರರ್ 2’ ಎಂದಷ್ಟೇ ಹೇಳುತ್ತದೆ. ಮೇಲಕ್ಕೆ ಹೋಗಿ ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕರೆದ ಫಂಕ್ಷನ್ ಸಿಗಲಿಲ್ಲ) ಎಂಬ ಮೊದಲ ಸಾಲು ಹುಡುಕಿ. ಈ ಮಕ್ಕಳಿಗೆ ಅಲ್ಲಿ ಸಿಕ್ಕ ಹೆಸರು ‘ಬ್ಯಾಕ್‌ಲೈಟ್_ಡಿವೈಸ್_ರಿಜಿಸ್ಟರ್’; ಬ್ಯಾಕ್‌ಲೈಟ್ ಎಂದರೆ ಪರದೆಯ ಹಿಂಬೆಳಕು. ಆ ಫಂಕ್ಷನ್ ಯಾವ ಫೈಲಿನಲ್ಲಿದೆ ಎಂದು, ಫೈಲುಗಳಲ್ಲಿ ಪದ ಹುಡುಕುವ ‘ಗ್ರೆಪ್’ ಆಜ್ಞೆಯಿಂದ ನೋಡಿ. ಯಾವ ಫೈಲು ಕಂಪೈಲ್ ಆಗಬೇಕೆಂದು ಹೇಳುವ, ಅದೇ ಫೋಲ್ಡರಿನ ಮೇಕ್‌ಫೈಲ್ ನೋಡಿದರೆ ಅದನ್ನು ಆಳುವ ಆಯ್ಕೆಯ ಹೆಸರು ಸಿಗುತ್ತದೆ: ಬ್ಯಾಕ್‌ಲೈಟ್_ಕ್ಲಾಸ್_ಡಿವೈಸ್.

ಈಗ ಆಯ್ಕೆಗಳ ಮೆನು ತೋರಿಸುವ ‘ಮೇಕ್ ಮೆನುಕಾನ್ಫಿಗ್’ ತೆರೆದು, ಸ್ಲ್ಯಾಶ್ ಒತ್ತಿ ಆ ಹೆಸರು ಹುಡುಕಿ. ಡಿಸ್‌ಪ್ಲೇ ಡ್ರೈವರ್ ‘ವೈ’, ಅಂದರೆ ಕರ್ನಲ್ ಒಳಗೇ ಇತ್ತು. ಬ್ಯಾಕ್‌ಲೈಟ್ ‘ಎಂ’, ಅಂದರೆ ಆಮೇಲೆ ಲೋಡ್ ಆಗುವ ಮಾಡ್ಯೂಲ್. ತಟ್ಟೆಗೆ ಮುದ್ದೆ ಬಿದ್ದಾಗಿದೆ, ಸಾರು ಇನ್ನೂ ಒಲೆಯ ಮೇಲೂ ಇಲ್ಲ! ಕರ್ನಲ್ ಒಳಗಿನ ಕೋಡ್, ಮಾಡ್ಯೂಲಿನಲ್ಲಿರುವ ಫಂಕ್ಷನ್ನನ್ನು ಹೀಗೆ ನೇರವಾಗಿ ಕರೆದರೆ ಲಿಂಕರ್‌ಗೆ ಅದು ಸಿಗುವುದೇ ಇಲ್ಲ. ಎರಡನ್ನೂ ‘ವೈ’ ಮಾಡಿ, ಇಲ್ಲವೇ ಡ್ರೈವರನ್ನೂ ‘ಎಂ’ ಮಾಡಿ. ‘ವೈ’ ಕೊಡಲು ಮೆನು ಒಪ್ಪದಿದ್ದರೆ, ಆ ಆಯ್ಕೆ ನೆಚ್ಚಿಕೊಂಡ ಇನ್ನೊಂದು ಆಯ್ಕೆ ‘ಎಂ’ ಆಗಿರುತ್ತದೆ. ಮೊದಲು ಅದನ್ನು ಬದಲಿಸಿ.

ಬಿಲ್ಡ್ ಇಷ್ಟಕ್ಕೇ ಮುಗಿಯಬಹುದು, ಆದರೆ ತಪ್ಪಿನ ಮೂಲ, ಆಯ್ಕೆಗಳ ನಿಯಮ ಬರೆದಿರುವ ಡ್ರೈವರಿನ ಕೆಕಾನ್ಫಿಗ್ ಫೈಲಿನಲ್ಲೇ ಉಳಿಯುತ್ತದೆ. ಅಲ್ಲಿ ‘ಡಿಪೆಂಡ್ಸ್ ಆನ್ ಬ್ಯಾಕ್‌ಲೈಟ್_ಕ್ಲಾಸ್_ಡಿವೈಸ್’ ಎಂಬ ಸಾಲು ಸೇರಿಸಿ. ಆಗ ಬ್ಯಾಕ್‌ಲೈಟ್ ‘ಎಂ’ ಇದ್ದಾಗ ಡ್ರೈವರನ್ನು ‘ವೈ’ ಮಾಡಲು ಮೆನುವೇ ಬಿಡುವುದಿಲ್ಲ. ‘ಡಿಪೆಂಡ್ಸ್ ಆನ್’ ಬದಲು ‘ಸೆಲೆಕ್ಟ್’ ಬಳಸುವಾಗ ಮಾತ್ರ ತುಂಬ ಎಚ್ಚರ ಬೇಕು. ಅದು ಇನ್ನೊಂದು ಆಯ್ಕೆಯನ್ನು ಬಲವಂತವಾಗಿ ಆನ್ ಮಾಡುತ್ತದೆ, ಆ ಆಯ್ಕೆಗೆ ಬೇಕಾದವು ಇವೆಯೇ ಎಂದು ನೋಡುವುದಿಲ್ಲ. ‘ಅನ್‌ಮೆಟ್ ಡೈರೆಕ್ಟ್ ಡಿಪೆಂಡೆನ್ಸೀಸ್’ ಎಂಬ ಎಚ್ಚರಿಕೆ ಬಂದರೆ ಅದಕ್ಕೆ ಕಾರಣ ಇದೇ. ಅನೇಕರು ಅದನ್ನು ಓದದೆ ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಅಲ್ಲೇ ನಿಲ್ಲಬೇಕು.

ಡಾಟ್ ಕಾನ್ಫಿಗ್ ಫೈಲನ್ನು ಕೈಯಿಂದ ತಿದ್ದಿದರೆ ನಿಯಮಕ್ಕೆ ಹೊಂದದ ಸಾಲುಗಳನ್ನು ಮುಂದಿನ ಬಿಲ್ಡ್ ತಾನೇ ಬದಲಿಸಿಬಿಡುತ್ತದೆ. ಆದ್ದರಿಂದ ಕೆಕಾನ್ಫಿಗ್ ತಿದ್ದಿದ ಮೇಲೆ, ಡಾಟ್ ಕಾನ್ಫಿಗ್ ಅನ್ನು ಹೊಸ ನಿಯಮಕ್ಕೆ ಹೊಂದಿಸುವ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿ, ಡ್ರೈವರ್ ಇನ್ನೂ ಆನ್ ಇದೆಯೇ ಎಂದು ನೋಡಿಕೊಂಡು, ಮತ್ತೆ ‘ಮೇಕ್’ ಕೊಡಿ. ಈಗಾಗಲೇ ಕಂಪೈಲ್ ಆದ ಫೈಲುಗಳು ಹಾಗೇ ಉಳಿಯುತ್ತವೆ, ಅವನ್ನೆಲ್ಲ ಅಳಿಸುವ ‘ಮೇಕ್ ಕ್ಲೀನ್’ ಬೇಕಿಲ್ಲ.