ರೆಕಾರ್ಡ್‌ಗೆ ಡಿಆರ್ 12, ಸಿಡಿಗೆ 8: ಮೀಟರ್ ನಂಬದೆ ನಾನು ಅಳೆದದ್ದು

ಒಂದೇ ಆಲ್ಬಮ್. ರೀಮಾಸ್ಟರ್ ಸಿಡಿಗೆ ಡಿಆರ್ 8, ಜೊತೆಗೇ ಬಂದ ರೆಕಾರ್ಡ್‌ಗೆ 12. ಡಿಆರ್ ಅಂದರೆ ಡೈನಾಮಿಕ್ ರೇಂಜ್: ಹಾಡಿನ ಪೀಕ್ (ಸದ್ದಿನ ತುತ್ತತುದಿ) ಅದರ ಜೋರಿನ ಭಾಗಗಳ ಸರಾಸರಿಗಿಂತ ಎಷ್ಟು ಮೇಲಿದೆ ಅಂತ ಮೀಟರ್ ಕೊಡುವ ಅಂಕ. ಕಲಬುರಗಿಯಲ್ಲಿ ರೆಕಾರ್ಡ್ ಹುಚ್ಚಿನವರು ನಾವು ನಾಲ್ಕೈದು ಮಂದಿ. ಉಳಿದವರೆಲ್ಲ "ಮತ್ತೇನ್ ಬೇಕ್ರೀ, ರೆಕಾರ್ಡೇ ಮೇಲು" ಅಂದರು. ಎರಡೂ ಒಂದೇ ಮಾಸ್ಟರ್, ಅಂದರೆ ಅಚ್ಚಿಗೆ ಕಳಿಸಿದ ಅಂತಿಮ ಧ್ವನಿ ಒಂದೇ, ಅಂದೆ. ನಕ್ಕರು.

ಮೊದಲ ಜಗಳ ಧೂಳಿನ ಜೊತೆ. ಮನೆ ಪಕ್ಕ ದಾಲ್ ಮಿಲ್. ತೊಗರಿ ಸೀಸನ್ ಬಂತೆಂದರೆ ಗ್ರೂವ್ ತುಂಬಾ ಹೊಟ್ಟಿನ ಪುಡಿ. ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದೆ. ತಮಾಷೆ ನೋಡಿ, ತೊಳೆದ ಮೇಲೆ ಅದೇ ಹಾಡಿನ ಡಿಆರ್ 1 ಇಳಿಯಿತು! ಚಟಪಟ ಸದ್ದನ್ನೂ ಮೀಟರ್ ಪೀಕ್ ಅಂತಲೇ ಎಣಿಸುತ್ತಿತ್ತು.

ದುಡ್ಡಿನ ಕಥೆ ಬೇರೆ. ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ 11-12 ಸಾವಿರ, ಸ್ಟೈಲಸ್ (ಸೂಜಿ) 3 ಸಾವಿರದ ಮೇಲೆ. ಹೈದರಾಬಾದಿನಿಂದ ತರಿಸಿದ ಫೋನೋ ಪ್ರಿಆಂಪ್‌ಗೆ (ಸೂಜಿಯಿಂದ ಬರುವ ಸಣ್ಣ ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆ) ಕೊಟ್ಟ 4 ಸಾವಿರ ನೀರಲ್ಲಿ ಹೋಮ, ಬರೀ ಹಮ್. ಇನ್ವರ್ಟರ್ ಮೇಲೆ ಓಡಿಸಿದರೆ ಗುಂಯ್ ಇನ್ನೂ ಜಾಸ್ತಿ. ಕೊನೆಗೆ ಕರೆಂಟ್ ಇದ್ದಾಗ ಮಾತ್ರ, ನಸುಕಿನಲ್ಲಿ, ಫ್ಯಾನ್ ಬಂದ್ ಮಾಡಿ ರೆಕಾರ್ಡನ್ನು ಕಂಪ್ಯೂಟರಿಗೆ ರಿಪ್ ಮಾಡಿದೆ. ಅದೂ ಮೇ ತಿಂಗಳಲ್ಲಿ. ಇಲ್ಲಿಯವರಿಗೆ ಹೆಚ್ಚು ಹೇಳಬೇಕಿಲ್ಲ.

24 ಬಿಟ್, 96 ಕಿಲೋಹರ್ಟ್ಸ್, ಪೀಕ್ ಮೈನಸ್ 6 ಡೆಸಿಬೆಲ್ ದಾಟದಂತೆ. ಸಿಡಿ, ರೆಕಾರ್ಡ್ ಎರಡರಲ್ಲೂ 30 ಹರ್ಟ್ಸ್ ಕೆಳಗಿನದ್ದನ್ನು ತೆಗೆದೆ. ಆಮೇಲೆ ಡಿಆರ್ ಬದಿಗಿಟ್ಟು, ಹಾಡಿನ ಮೆತ್ತಗಿನ ಭಾಗಕ್ಕೂ ಜೋರಿನ ಭಾಗಕ್ಕೂ ಶಾರ್ಟ್ ಟರ್ಮ್ ಲಫ್ಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ, ಕೆಲವೇ ಸೆಕೆಂಡಿನ ಸರಾಸರಿ) ಎಷ್ಟು ವ್ಯತ್ಯಾಸ ಅಂತ ನೋಡಿದೆ. ಸಿಡಿಯಲ್ಲಿ ಸುಮಾರು 7. ರೆಕಾರ್ಡ್‌ನಲ್ಲೂ 7ರ ಆಸುಪಾಸು. ಹಾಗಾದರೆ ರೆಕಾರ್ಡ್‌ನ ಆ 4 ಎಲ್ಲಿಂದ ಬಂತು?

ಸಿಡಿ ಫೈಲ್‌ಗೇ ಒಂದು ಆಲ್‌ಪಾಸ್ ಫಿಲ್ಟರ್ ಹಾಕಿದೆ. ಫೇಸ್ ಮಾತ್ರ, ಅಂದರೆ ಬೇರೆ ಬೇರೆ ಫ್ರೀಕ್ವೆನ್ಸಿಯ ಅಲೆಗಳು ಸಮಯದಲ್ಲಿ ಒಂದಕ್ಕೊಂದು ಹೊಂದುವ ರೀತಿ ಮಾತ್ರ, ತಿರುಗುತ್ತದೆ, ಡೈನಾಮಿಕ್ಸ್ ಏನೂ ಸೇರುವುದಿಲ್ಲ. ಆದರೂ ಡಿಆರ್ 8 ಇದ್ದದ್ದು 11 ಆಯಿತು! ಲಿಮಿಟರ್ (ಪೀಕ್‌ಗಳನ್ನು ಒಂದು ಮಟ್ಟ ದಾಟದಂತೆ ತಡೆಯುವ ಸ್ಟುಡಿಯೋ ಸಾಧನ) ಚಪ್ಪಟೆ ಮಾಡಿದ ಪೀಕ್‌ಗಳು ಫೇಸ್ ತಿರುಗಿದ ಕೂಡಲೇ ಮತ್ತೆ ಚೂಪಾಗಿ ಏಳುತ್ತವೆ. ರೆಕಾರ್ಡ್‌ನ ಗ್ರೂವ್ ಕೊರೆಯುವ ಕಟಿಂಗ್‌ನಿಂದ ಸೂಜಿ ಹಿಡಿದ ಕಾರ್ಟ್ರಿಡ್ಜ್‌ವರೆಗಿನ ದಾರಿಯೂ ಅದನ್ನೇ ಮಾಡುತ್ತದೆ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ತಿರುಗಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಹಾಗಂತ ಎಲ್ಲವೂ ಮೀಟರ್ ಆಟವಲ್ಲ. ಮೆಟಲ್ ಬ್ಯಾಂಡ್ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಸಿಡಿ (2008) ಡಿಆರ್ 3. ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಆಟದಲ್ಲಿ ಎಷ್ಟೋ ಉಸಿರಾಡುತ್ತವೆ. ಅಲ್ಲಿ ಎರಡೂ ಡಿಜಿಟಲ್, ರೆಕಾರ್ಡ್‌ನ ನೆಪ ಇಲ್ಲ.

ಎಂಬತ್ತರ ದಶಕದ ಒಂದು ಹಳೆ ಪ್ರೆಸ್ಸಿಂಗನ್ನೂ ಅದರ ರೀಮಾಸ್ಟರ್ ಸಿಡಿ ಜೊತೆ ಇದೇ ರೀತಿ ಅಳೆದೆ. ಇಲ್ಲಿ ಲಫ್ಸ್ ಅಂತರವೇ ರೆಕಾರ್ಡ್‌ನಲ್ಲಿ 3ರಷ್ಟು ಜಾಸ್ತಿ ಬಂತು. ಅದು ನಿಜಕ್ಕೂ ಬೇರೆ ಮಾಸ್ಟರ್. 900 ರೂಪಾಯಿ ಕೊಟ್ಟಿದ್ದೆ, ಅಗ್ಗವೇ ಆಯಿತು.