ಒಂದು ಕಾರು, ಒಂದು ದಿನ, ಫೈಫ್ ಕರಾವಳಿ

ಸ್ಕಾಟ್ಲೆಂಡ್‌ಗೆ ಹೋದವರು ಎಡಿನ್‌ಬರೊ ಕೋಟೆ ನೋಡಿ, ಮಾರನೆಯ ದಿನ ದೊಡ್ಡ ಬಸ್ಸು ಹತ್ತಿ ಲಾಕ್ ನೆಸ್ ಸರೋವರಕ್ಕೆ ಹೊರಡುವುದು ರೂಢಿ. ದಿನದ ಬಹುಪಾಲು ಬಸ್ಸಿನೊಳಗೇ ಕಳೆದುಹೋಗುತ್ತದೆ. ಬೆಂಗಳೂರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೆ, ಚಿಕ್ಕ ಮಕ್ಕಳಿರುವವರಿಗೆ ನಾನು ಹೇಳುವ ದಾರಿಯೇ ಬೇರೆ. ಚಾಲಕನ ಸಮೇತ ಒಂದು ಕಾರು ಗೊತ್ತು ಮಾಡಿಕೊಳ್ಳಿ, ಫೋರ್ತ್ ಕೊಲ್ಲಿ ದಾಟಿ ಆಚೆ ದಡದ ಫೈಫ್‌ಗೆ ಹೋಗಿ. ಎಡಿನ್‌ಬರೊದಿಂದ ಸೇಂಟ್ ಆಂಡ್ರೂಸ್ ಊರಿಗೆ ಸುಮಾರು 80 ಕಿಲೋಮೀಟರ್, ಒಂದೂವರೆ ಗಂಟೆಯೊಳಗಿನ ದಾರಿ. ಪಾಳುಬಿದ್ದ ಮಹಾ ಚರ್ಚು, ಸಮುದ್ರದ ಅಂಚಿನ ಕೋಟೆ, ರಾಜರ ಅರಮನೆ, ಇಂದಿಗೂ ದೋಣಿಗಳು ಬಂದು ನಿಲ್ಲುವ ಮೀನುಗಾರರ ಊರುಗಳು, ಎಲ್ಲವೂ ಅಷ್ಟರಲ್ಲೇ ಸಿಗುತ್ತವೆ.

ಹೊರಡುವ ಮುನ್ನವೇ ಒಂದು ಮಾತು. ಸ್ವಂತಕ್ಕೆ ಕಾರು ಮಾಡಿಕೊಳ್ಳುವುದೇ ಇಷ್ಟವಾದ ಕಡೆ ಹೆಚ್ಚು ಹೊತ್ತು ನಿಲ್ಲಲು, ಇಷ್ಟವಾಗದ್ದನ್ನು ಬಿಟ್ಟು ಮುಂದೆ ಹೋಗಲು. ಹತ್ತು ಜಾಗದ ಪಟ್ಟಿ ಹಿಡಿದು ಹೊರಟರೆ ಕೊಟ್ಟ ದುಡ್ಡು ದಂಡ. ಒಂದು ದೊಡ್ಡ ಊರು, ಎರಡು ಸಣ್ಣ ಬಂದರು, ಸಂಜೆಗೆ ಒಂದು ಸೇತುವೆ. ಇಷ್ಟು ಸಾಕು.

ಕಾರು ನಿಮಗೆ ಬೇಕೇ?

ಒಬ್ಬರೇ ಅಥವಾ ಇಬ್ಬರೇ ಇದ್ದು, ನಡೆಯುವ ಶಕ್ತಿ ಇದ್ದರೆ ಕಾರಿನ ಅಗತ್ಯವೇ ಇಲ್ಲ. ಸೇಂಟ್ ಆಂಡ್ರೂಸ್‌ನಲ್ಲಿ ರೈಲು ನಿಲ್ದಾಣ 1969ರಲ್ಲೇ ಮುಚ್ಚಿತು. ಆದರೆ ಪಕ್ಕದ ಲೂಕರ್ಸ್‌ವರೆಗೆ ರೈಲು, ಅಲ್ಲಿಂದ ಬಸ್ಸು ಸಿಗುತ್ತದೆ. ಕರಾವಳಿಯ ಹಳ್ಳಿಗಳಿಗೂ ಬಸ್ಸಿದೆ. ನಾಲ್ಕರಿಂದ ಏಳು ಜನರ ಕುಟುಂಬವಾದರೆ ಲೆಕ್ಕ ಬದಲಾಗುತ್ತದೆ. ಇಂಥ ಪ್ರವಾಸಕ್ಕೆ ಸಾಮಾನ್ಯವಾಗಿ ಇಡೀ ವಾಹನಕ್ಕೆ ದರ, ತಲೆಗೆ ಇಷ್ಟು ಅಂತಲ್ಲ. ಹಂಚಿಕೊಂಡಾಗ ಹೊರೆ ಇಳಿಯುತ್ತದೆ. ಮಂಡಿ ನೋವಿನ ಹಿರಿಯರು ಜೊತೆಗಿದ್ದರಂತೂ ನಾನು ಎರಡನೇ ಯೋಚನೆ ಮಾಡುವುದಿಲ್ಲ.

ಭಾರತದಿಂದ ಹೋಗುವವರಿಗೆ ಇನ್ನೊಂದು ವಿಷಯ. ಸ್ಕಾಟ್ಲೆಂಡ್‌ಗೆ ಪ್ರತ್ಯೇಕ ವೀಸಾ ಇಲ್ಲ, ಬ್ರಿಟನ್‌ನ ಪ್ರವಾಸಿ ವೀಸಾ ಬೇಕು. ಯುರೋಪಿನ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಪ್ಯಾರಿಸ್, ರೋಮ್ ಜೊತೆ ಸೇರಿಸಿ ಯೋಜನೆ ಹಾಕುವವರು ಇದನ್ನು ಮೊದಲೇ ಗಮನಿಸಬೇಕು.

ಬುಕ್ ಮಾಡುವ ಮುನ್ನ ಕೇಳಿ

ಮೊದಲ ಪ್ರಶ್ನೆ: ಬರುವವರು ಬರೀ ಚಾಲಕರೋ, ಗೈಡ್ ಕೂಡ ಹೌದೋ? ಅಲ್ಲಿ ‘ಡ್ರೈವರ್ ಗೈಡ್’ ಎಂಬ ವ್ಯವಸ್ಥೆ ಇದೆ. ಒಬ್ಬರೇ ಗಾಡಿ ಓಡಿಸುತ್ತಾ ಕಥೆಯನ್ನೂ ಹೇಳುತ್ತಾರೆ. ಆದರೆ ಕೋಟೆಯೊಳಗೆ ನಿಮ್ಮ ಜೊತೆ ಬಂದು ವಿವರಿಸುತ್ತಾರೋ, ಬಾಗಿಲಲ್ಲಿ ಇಳಿಸಿ ಗಾಡಿಯ ಹತ್ತಿರ ಉಳಿಯುತ್ತಾರೋ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಇತಿಹಾಸವನ್ನು ಸರಿಯಾಗಿ ಕೇಳುವ ಆಸೆ ಇದ್ದರೆ ಸ್ಕಾಟಿಷ್ ಟೂರಿಸ್ಟ್ ಗೈಡ್ಸ್ ಅಸೋಸಿಯೇಷನ್‌ನ ‘ಬ್ಲೂ ಬ್ಯಾಡ್ಜ್’ ಪಡೆದವರನ್ನು ಹುಡುಕಿ. ಅದು ತರಬೇತಿ, ಪರೀಕ್ಷೆ ಮುಗಿಸಿದವರಿಗೆ ಸಿಗುವ ಮಾನ್ಯತೆ.

ಆಮೇಲೆ ದರದಲ್ಲಿ ಏನೇನು ಸೇರಿದೆ ಎಂದು ಬರಹದಲ್ಲೇ ಕೇಳಿ. ಎಷ್ಟು ಗಂಟೆ, ಗಂಟೆ ಮೀರಿದರೆ ಎಷ್ಟು, ಪಾರ್ಕಿಂಗ್ ಯಾರದ್ದು, ಹಿಂದಿನ ದಿನ ರದ್ದು ಮಾಡಿದರೆ ಎಷ್ಟು ವಾಪಸ್, ಬಾಡಿಗೆ ಪ್ರಯಾಣಿಕರನ್ನು ಕರೆದೊಯ್ಯಲು ಪರವಾನಗಿ ಮತ್ತು ವಿಮೆ ಇದೆಯೇ. ಪ್ರವೇಶ ಟಿಕೆಟ್ ಹೆಚ್ಚಾಗಿ ನಿಮ್ಮದೇ ಖರ್ಚು.

ಮಕ್ಕಳಿದ್ದರೆ ವಯಸ್ಸು, ಎತ್ತರ ಎರಡನ್ನೂ ಮೊದಲೇ ತಿಳಿಸಿ. ಬ್ರಿಟನ್‌ನಲ್ಲಿ 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಆಗುವವರೆಗೆ ಮಗುವಿಗೆ ಪ್ರತ್ಯೇಕ ಸೀಟು ಬೇಕೆಂಬುದು ಕಾನೂನು. ಟ್ಯಾಕ್ಸಿಗಳಿಗೆ ಕೆಲವು ವಿನಾಯಿತಿ ಇದ್ದರೂ, ನಮ್ಮಲ್ಲಿಯಂತೆ ತೊಡೆಯ ಮೇಲೆ ಕೂರಿಸಿಕೊಂಡು ದಿನವಿಡೀ ಸುತ್ತುವ ಮಾತು ಬೇಡ. ಹಿರಿಯರಿದ್ದರೆ ವ್ಯಾನಿನ ಮೆಟ್ಟಿಲು ಎಷ್ಟು ಎತ್ತರ ಎಂದೂ ಕೇಳಿ. ಎತ್ತರದ ವ್ಯಾನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವುದು ವಯಸ್ಸಾದವರಿಗೆ ದೊಡ್ಡ ಶಿಕ್ಷೆ.

ಯಾವ ದಿನ, ಯಾವ ಕಾಲ

ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಚಳಿಗಾಲದಲ್ಲಿ ಅದೇ ಎಂಟು ಗಂಟೆಯ ಬಾಡಿಗೆ ಕೊಟ್ಟು ಅರ್ಧ ದಿನ ಕತ್ತಲೆ ನೋಡಬೇಕಾಗುತ್ತದೆ, ಕೆಲವು ಸ್ಮಾರಕಗಳು ಬೇಗ ಮುಚ್ಚುತ್ತವೆ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯದು.

ವಾರದಲ್ಲಿ ಭಾನುವಾರಕ್ಕೆ ಒಂದು ವಿಶೇಷ ಇದೆ. ಸೇಂಟ್ ಆಂಡ್ರೂಸ್‌ನ ‘ಓಲ್ಡ್ ಕೋರ್ಸ್’ ಎಂಬ ಜಗದ್ವಿಖ್ಯಾತ ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ ಭಾನುವಾರ ಆಟಕ್ಕೆ ರಜೆ. ಅಂದು ಆ ಹುಲ್ಲಿನ ಮೇಲೆ ಯಾರು ಬೇಕಾದರೂ ಅಡ್ಡಾಡಬಹುದು, ಸ್ವಿಲ್ಕನ್ ತೋಡಿನ ಮೇಲಿನ ಪುಟ್ಟ ಕಲ್ಲುಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಅದು ಊರಿನವರ ಸಾರ್ವಜನಿಕ ಜಾಗ. ಅಜ್ಜಿಯರು ನಾಯಿ ಹಿಡಿದುಕೊಂಡು ವಾಕಿಂಗ್ ಬರುತ್ತಾರೆ.

ಬೆಳಿಗ್ಗೆ: ಮೊದಲು ದೂರದ ಊರು

ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನೋಡುತ್ತಾ ಹೋದರೆ ಸೇಂಟ್ ಆಂಡ್ರೂಸ್ ಮುಟ್ಟುವಾಗ ಮಧ್ಯಾಹ್ನ, ಬಸ್ಸುಗಳೂ ಆಗಲೇ ಬಂದಿರುತ್ತವೆ. ಎಂಟೂವರೆಗೆ ಹೊರಟು ನೇರ ಅಲ್ಲಿಗೇ ಹೋಗಿ. ಸೇತುವೆಯನ್ನು ಸಂಜೆಗಿಡಿ, ಕಾರಣ ಆಮೇಲೆ ಹೇಳುತ್ತೇನೆ.

ಮೊದಲು ಕ್ಯಾಥೆಡ್ರಲ್. 12ನೇ ಶತಮಾನದಲ್ಲಿ ಕಟ್ಟಲು ಶುರು ಮಾಡಿ, 1318ರಲ್ಲಿ ರಾಜ ರಾಬರ್ಟ್ ಬ್ರೂಸ್‌ನ ಎದುರು ಪ್ರತಿಷ್ಠೆ ಮಾಡಿದ ಇದು ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಅತಿ ದೊಡ್ಡ ಚರ್ಚು. 1559ರಲ್ಲಿ, ಕ್ಯಾಥೊಲಿಕ್ ಚರ್ಚನ್ನು ವಿರೋಧಿಸಿದ ಪ್ರಾಟೆಸ್ಟಂಟ್ ಸುಧಾರಕ ಜಾನ್ ನಾಕ್ಸ್ ಈ ಊರಲ್ಲಿ ಮಾಡಿದ ಪ್ರವಚನದ ನಂತರ ಜನ ನುಗ್ಗಿ ಒಳಗಿನದನ್ನೆಲ್ಲ ಧ್ವಂಸ ಮಾಡಿದರು. ಆಮೇಲೆ ಊರಿನವರು ಮನೆ ಕಟ್ಟಲು ಇಲ್ಲಿನ ಕಲ್ಲನ್ನೇ ಹೊತ್ತರು. ಈಗ ಹೆಚ್ಚಾಗಿ ಉಳಿದಿರುವುದು ಎರಡು ತುದಿಯ ಗೋಡೆ, ದಕ್ಷಿಣದ ಗೋಡೆಯ ಒಂದು ಭಾಗ, ನೆಲದಲ್ಲಿ ಕಂಬಗಳ ಬುಡ. ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ ಒಮ್ಮೆ ನಡೆಯಿರಿ, ಎಷ್ಟು ದೊಡ್ಡದಿತ್ತು ಎಂದು ಕಾಲಿಗೇ ಗೊತ್ತಾಗುತ್ತದೆ. ಪಕ್ಕದಲ್ಲಿ 33 ಮೀಟರ್ ಎತ್ತರದ ಸೇಂಟ್ ರೂಲ್ ಗೋಪುರವಿದೆ. ಹತ್ತಲು ಬಿಡುತ್ತಾರೋ ಇಲ್ಲವೋ ಎಂದು ಆ ವಾರದ ಮಾಹಿತಿ ನೋಡಿಕೊಂಡು ಹೋಗಿ.

ಅಲ್ಲಿಂದ ಐದು ನಿಮಿಷ ನಡೆದರೆ ಕೋಟೆ. ಇಡೀ ದಿನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಿ ಎನ್ನುವುದು ಇಲ್ಲೇ. 1546ರ ಮಾರ್ಚ್ 1ರಂದು ಕಾರ್ಡಿನಲ್ ಡೇವಿಡ್ ಬೀಟನ್ ಎಂಬ ಕ್ಯಾಥೊಲಿಕ್ ಧರ್ಮಾಧಿಕಾರಿ, ಸುಧಾರಣೆಯ ಬೋಧಕ ಜಾರ್ಜ್ ವಿಷರ್ಟ್‌ನನ್ನು ಈ ಕೋಟೆಯ ಮುಂದೆ ಸುಡಿಸಿದ. ಮೂರು ತಿಂಗಳೂ ಕಳೆದಿರಲಿಲ್ಲ, ಮೇ 29ರಂದು ವಿಷರ್ಟ್ ಪರದವರು ಒಳನುಗ್ಗಿ ಬೀಟನ್‌ನನ್ನು ಕೊಂದು ಶವವನ್ನು ಗೋಡೆಯಿಂದ ನೇತುಹಾಕಿದರು. ಕೋಟೆ ಅವರ ಕೈಗೆ ಬಂತು, ಹೊರಗಿನಿಂದ ಸರ್ಕಾರದ ಸೈನ್ಯ ಮುತ್ತಿಗೆ ಹಾಕಿತು.

ಆ ಮುತ್ತಿಗೆಯ ಸಾಕ್ಷಿ ನೆಲದಡಿ ಹಾಗೇ ಉಳಿದಿದೆ. ಹೊರಗಿನವರು ಗೋಡೆಯನ್ನು ಬುಡದಿಂದ ಉರುಳಿಸಲು ಬಂಡೆ ಕೊರೆದು ಸುರಂಗ ತೋಡಿದರು. ಒಳಗಿನವರು ಸದ್ದು ಆಲಿಸುತ್ತಾ ಎದುರು ಸುರಂಗ ತೋಡಿದರು. ದಿಕ್ಕು ತಪ್ಪಿ ಅರ್ಧಕ್ಕೇ ಬಿಟ್ಟ ಪ್ರಯತ್ನಗಳೂ ಕಾಣುತ್ತವೆ. ಕೊನೆಗೆ ಎರಡೂ ಕೂಡಿದವು. ಇಂದು ಆ ದಾರಿಯಲ್ಲಿ ಇಳಿದು ನೋಡಬಹುದು. ಎದುರು ಸುರಂಗದಲ್ಲಿ ಬೆನ್ನು ಪೂರ್ತಿ ಬಗ್ಗಿಸಿ, ಕೈಯಿಂದ ಗೋಡೆ ಹಿಡಿದು ಸಾಗಬೇಕು. ಅವಸರದಲ್ಲಿ ಕಡಿದ ಒರಟು ಬಂಡೆ ಬೆನ್ನಿಗೆ ಸವರುತ್ತದೆ. ಆಮೇಲೆ ತಟ್ಟನೆ ದಾರಿ ಅಗಲವಾಗಿ ನೆಟ್ಟಗೆ ನಿಲ್ಲುವಂತಾಗುತ್ತದೆ. ಅದು ಶತ್ರುಗಳ ಸುರಂಗ, ನಿಧಾನವಾಗಿ ಅಚ್ಚುಕಟ್ಟಾಗಿ ತೋಡಿದ್ದು. ಯಾರಿಗೆ ಜೀವಭಯವಿತ್ತು ಎಂದು ಆ ಎರಡು ಗೋಡೆಗಳೇ ಹೇಳುತ್ತವೆ. ಮಂಡಿ, ಸೊಂಟ ನೋವಿನವರು, ಇಕ್ಕಟ್ಟಿನ ಜಾಗಕ್ಕೆ ಹೆದರುವವರು ಇಳಿಯಬೇಡಿ. ಮಕ್ಕಳನ್ನು ತಪ್ಪದೆ ಇಳಿಸಿ. ಬಂಡೆಯಲ್ಲಿ ಸೀಸೆಯ ಆಕಾರಕ್ಕೆ ಕೊರೆದ ಕತ್ತಲೆ ಕೋಣೆಯನ್ನು ಮೇಲಿನಿಂದಲೇ ಇಣುಕಿ ನೋಡಬಹುದು.

ಕ್ಯಾಥೆಡ್ರಲ್, ಕೋಟೆ ಎರಡೂ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆಯ ವಶದಲ್ಲಿವೆ. ಎಡಿನ್‌ಬರೊ ಕೋಟೆಯೂ ಅವರದೇ. ಮೂರನ್ನೂ ನೋಡುವವರು ಅವರ ಹಲವು ಸ್ಮಾರಕಗಳಿಗೆ ಒಂದೇ ಟಿಕೆಟ್ ಆಗುವ ಎಕ್ಸ್‌ಪ್ಲೋರರ್ ಪಾಸ್ ಲೆಕ್ಕ ಹಾಕಿ ನೋಡಲಿ. ಸಮಯ ಉಳಿದರೆ 1413ರ ವಿಶ್ವವಿದ್ಯಾಲಯದ ಬೀದಿಯಲ್ಲಿ ಒಂದು ಸುತ್ತು. ಸೇಂಟ್ ಸಾಲ್ವೇಟರ್ ಚರ್ಚಿನ ಮುಂದೆ ನೆಲದಲ್ಲಿ ‘ಪಿ ಎಚ್’ ಎಂಬ ಅಕ್ಷರಗಳಿವೆ. 1528ರಲ್ಲಿ ಅಲ್ಲಿ ಸುಡಲಾದ ಸುಧಾರಣೆಯ ಬೋಧಕ ಪ್ಯಾಟ್ರಿಕ್ ಹ್ಯಾಮಿಲ್ಟನ್‌ನ ಗುರುತು. ಅದನ್ನು ತುಳಿದರೆ ಪರೀಕ್ಷೆಯಲ್ಲಿ ಫೇಲ್ ಎಂದು ವಿದ್ಯಾರ್ಥಿಗಳು ಸುತ್ತಿ ಹೋಗುತ್ತಾರೆ.

ಊಟ: ಸಸ್ಯಾಹಾರಿಗಳು ಓದಲೇಬೇಕು

ಈ ಕರಾವಳಿಯ ಹೆಸರುವಾಸಿ ಊಟ ಕರಿದ ಮೀನು ಮತ್ತು ಆಲೂಗಡ್ಡೆ. ಹ್ಯಾಡಕ್ ಮೀನು ತಿನ್ನುವವರು ಮುಂದೆ ದಾರಿಯಲ್ಲಿ ಸಿಗುವ ಆನ್‌ಸ್ಟ್ರದರ್ ಬಂದರಿನ ಎದುರು ಕೂತು ಬಿಸಿಬಿಸಿಯಾಗಿ ತಿನ್ನಿ. ಆದರೆ ಸಸ್ಯಾಹಾರಿಗಳು ‘ಬರೀ ಚಿಪ್ಸ್ ಕೊಡಿ’ ಎಂದು ನಿಶ್ಚಿಂತೆಯಿಂದ ಇರಬೇಡಿ. ಇಲ್ಲಿನ ಹಲವು ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಯಾವ ಎಣ್ಣೆ ಎಂದು ಕೇಳಿಯೇ ತೆಗೆದುಕೊಳ್ಳಿ. ಬೇಳೆ ಸೂಪು ಕೂಡ ಹಾಗೆಯೇ. ಸಾಂಪ್ರದಾಯಿಕವಾಗಿ ಅದನ್ನು ಹಂದಿ ಮಾಂಸದ ಸಾರಿನಲ್ಲಿ ಕುದಿಸುತ್ತಾರೆ. ನೆಮ್ಮದಿಯಾಗಿ ತಿನ್ನಬಹುದಾದ್ದು ಸುಟ್ಟ ಆಲೂಗಡ್ಡೆಯ ಮೇಲೆ ಬೀನ್ಸ್, ಚೀಸ್ ಟೋಸ್ಟ್, ಬೆಣ್ಣೆ ಜಾಮ್ ಜೊತೆ ಸ್ಕೋನ್. ಮೊಟ್ಟೆಯೂ ಬೇಡವೆಂದರೆ ಸ್ಕೋನ್ ಬಗ್ಗೆಯೂ ವಿಚಾರಿಸಿ. ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಇನ್ನೂ ಚೆನ್ನ. ಬಂದರಿನ ಬೆಂಚುಗಳಲ್ಲಿ ಕೂತು ತಿನ್ನಬಹುದು, ಸೀಗಲ್ ಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗದಂತೆ ಜೋಪಾನ.

ಮಧ್ಯಾಹ್ನ: ಎಡಗಡೆ ಕೂರಿ

ಸೇಂಟ್ ಆಂಡ್ರೂಸ್‌ನಿಂದ ವಾಪಸಾಗುವಾಗ ಹೆದ್ದಾರಿ ಬೇಡ, ‘ಎ917’ ಕರಾವಳಿ ರಸ್ತೆಯಲ್ಲಿ ಹೋಗೋಣ ಎಂದು ಚಾಲಕರಿಗೆ ಹೇಳಿ. ಈ ದಿಕ್ಕಿನಲ್ಲಿ ಸಮುದ್ರ ಎಡಕ್ಕೆ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ನಮ್ಮಂತೆಯೇ ಅಲ್ಲೂ ಚಾಲಕ ಬಲಕ್ಕೆ ಕೂರುವುದರಿಂದ ಅದು ಎಡಗಡೆಯೇ.

ಕ್ರೇಲ್, ಆನ್‌ಸ್ಟ್ರದರ್, ಪಿಟನ್‌ವೀಮ್, ಸೇಂಟ್ ಮೊನನ್ಸ್, ಈಲಿ. ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ಊಟಕ್ಕೆ ನಿಲ್ಲುವುದನ್ನು ಬಿಟ್ಟರೆ ಎರಡರಲ್ಲಿ ಮಾತ್ರ ಇಳಿಯಿರಿ. ನನ್ನ ಆಯ್ಕೆ ಕ್ರೇಲ್ ಮತ್ತು ಸೇಂಟ್ ಮೊನನ್ಸ್. ಕ್ರೇಲ್‌ನ ಮನೆಗಳಿಗೆ ಕೆಂಪು ಹೆಂಚು, ದೂರದಿಂದ ನೋಡಿದರೆ ಮಂಗಳೂರು ಹೆಂಚಿನ ಮಾಡುಗಳಂತೆ ಕಾಣುತ್ತವೆ. ಬಂದರಿಗೆ ಇಳಿಯುವ ಓಣಿ ಕಡಿದಾಗಿದೆ, ಹಿರಿಯರನ್ನು ಆದಷ್ಟು ಕೆಳಗೆ ಇಳಿಸಿಕೊಡಲು ಕೇಳಿ. ಸೇಂಟ್ ಮೊನನ್ಸ್‌ನಲ್ಲಿ 14ನೇ ಶತಮಾನದ ಚರ್ಚು ಅಲೆ ಬಡಿಯುವಷ್ಟು ದಡಕ್ಕೆ ಅಂಟಿಕೊಂಡಿದೆ, ಒಳಗೆ ಹಡಗಿನ ಮಾದರಿಯೊಂದನ್ನು ತೂಗುಹಾಕಿದ್ದಾರೆ. ಸ್ವಲ್ಪ ದೂರದಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದ ಕಾಲದ ಗಾಳಿಯಂತ್ರ. ಮೀನುಗಾರಿಕೆಯಲ್ಲಿ ಆಸಕ್ತಿ ಇರುವವರು ಆನ್‌ಸ್ಟ್ರದರ್‌ನ ಮೀನುಗಾರಿಕೆ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಬಹುದು.

ಅಲ್ಲಿಂದಲೇ ಮೇ ದ್ವೀಪಕ್ಕೆ ದೋಣಿ ಹೊರಡುತ್ತದೆ, ಬೇಸಿಗೆಯಲ್ಲಿ ಪಫಿನ್ ಹಕ್ಕಿಗಳು ಅಲ್ಲಿ ಗೂಡು ಮಾಡುತ್ತವೆ. ಅದಕ್ಕೆ ಅರ್ಧ ದಿನ ಬೇಕು. ಹೋಗುವುದಾದರೆ ಉಳಿದದ್ದನ್ನೆಲ್ಲ ಬಿಡಬೇಕು.

ಮಂಜು ಕವಿದರೆ

ಈ ಪೂರ್ವ ಕರಾವಳಿಗೆ ‘ಹಾರ್’ ಎಂಬ ಸಮುದ್ರದ ಮಂಜು ಬರುತ್ತದೆ, ವಸಂತ ಮತ್ತು ಬೇಸಿಗೆಯಲ್ಲೇ ಹೆಚ್ಚು. ಬೆಚ್ಚಗಿನ ತೇವದ ಗಾಳಿ ತಣ್ಣನೆಯ ಸಮುದ್ರದ ಮೇಲೆ ಬಂದು ಮಂಜಾಗುತ್ತದೆ. ಬಂದರಿನ ಗೋಡೆಯೇ ಕಾಣದಂತಾದಾಗ ಹತ್ತು ಮೈಲಿ ಒಳನಾಡಿನಲ್ಲಿ ಬಿಸಿಲಿರಬಹುದು. ಕಾರು ನಿಮ್ಮದಾಗಿರುವುದರ ಪ್ರಯೋಜನ ಇಂಥ ಹೊತ್ತಲ್ಲೇ. ಫಾಕ್‌ಲೆಂಡ್ ಅರಮನೆಗೆ ತಿರುಗಿಸಿ ಎನ್ನಿ. ಸ್ಕಾಟ್ಲೆಂಡಿನ ರಾಜ ಐದನೇ ಜೇಮ್ಸ್ 1542ರಲ್ಲಿ, ಮಗಳು ಮೇರಿ ಹುಟ್ಟಿದ ಕೆಲವೇ ದಿನಕ್ಕೆ ಇಲ್ಲಿ ತೀರಿಕೊಂಡ. ಅವನಿಗಾಗಿ 1539ರಲ್ಲಿ ಕಟ್ಟಿದ ಟೆನಿಸ್ ಅಂಗಳ ಜಗತ್ತಿನಲ್ಲಿ ಉಳಿದಿರುವವುಗಳಲ್ಲೇ ಅತಿ ಹಳೆಯದು. ಇದನ್ನು ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಬೇರೆ ಸಂಸ್ಥೆ, ಮೇಲೆ ಹೇಳಿದ ಪಾಸ್ ಇಲ್ಲಿ ನಡೆಯುವುದಿಲ್ಲ.

ಹತ್ತಿರದ ಪಿಟ್ಲೆಸಿ ಹಳ್ಳಿಯ ಫಲಕ ಕಂಡರೆ ಕನ್ನಡಿಗರು ಒಂದು ನಿಮಿಷ ಗಾಡಿ ನಿಲ್ಲಿಸಬೇಕು. ಈ ಭಾಗದ ಪಾದ್ರಿಯ ಮನೆಯಲ್ಲಿ 1785ರಲ್ಲಿ ಹುಟ್ಟಿದ ಚಿತ್ರಕಾರ ಡೇವಿಡ್ ವಿಲ್ಕಿ. 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ಜನರಲ್ ಡೇವಿಡ್ ಬೇರ್ಡ್ ಟಿಪ್ಪುವಿನ ಶವವನ್ನು ಪತ್ತೆ ಮಾಡಿದ ದೃಶ್ಯದ ದೊಡ್ಡ ಚಿತ್ರ ಅವನದೇ, 1839ರಲ್ಲಿ ಮುಗಿಸಿದ್ದು. ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ. ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದಲ್ಲೇ ಬಂದಿಯಾಗಿದ್ದ. ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ನಮ್ಮ ಕೋಟೆಯ ಕೊನೆಯ ರಾತ್ರಿಯನ್ನು ಎಷ್ಟೋ ಜನ ಬ್ರಿಟಿಷರು ಕಣ್ಣಲ್ಲಿ ತುಂಬಿಕೊಂಡಿದ್ದು ಈ ಹಳ್ಳಿಗಾಡಿನವನ ಕುಂಚದಿಂದ ಎಂಬುದು ನನ್ನನ್ನು ಕಾಡುತ್ತದೆ.

ಸಂಜೆ: ಸೇತುವೆ

ಹಿಂದಿರುಗುವಾಗ ಸೌತ್ ಕ್ವೀನ್ಸ್‌ಫೆರಿಯಲ್ಲಿ ಅರ್ಧ ಗಂಟೆ ನಿಲ್ಲಿ. ಊರು ಫೋರ್ತ್ ಕೊಲ್ಲಿಯ ಮೇಲಿನ ರೈಲು ಸೇತುವೆಯ ಪಶ್ಚಿಮಕ್ಕಿದೆ. ಸಂಜೆಯ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಸೇತುವೆಯ ಕೆಂಪು ಉಕ್ಕಿನ ಮೇಲೆ ನೇರ ಬೀಳುತ್ತದೆ. ಬೆಳಿಗ್ಗೆ ಇಲ್ಲಿಂದ ನೋಡಿದರೆ ಸೂರ್ಯ ಎದುರಿಗಿದ್ದು ಸೇತುವೆ ಕಪ್ಪು ಗೆರೆಯಾಗಿ ಕಾಣುತ್ತದೆ. ಸಂಜೆಗಿಡಿ ಎಂದದ್ದು ಇದಕ್ಕೆ. 1879ರಲ್ಲಿ ಇದೇ ಕರಾವಳಿಯ ಟೇ ನದಿಯ ಸೇತುವೆ ಬಿರುಗಾಳಿಗೆ ರೈಲಿನ ಸಮೇತ ಕುಸಿದಿತ್ತು. ಆ ಭಯ ಜನರ ಮನಸ್ಸಿನಿಂದ ಹೋಗಬೇಕಿತ್ತು. ಅದಕ್ಕೇ ಫೌಲರ್ ಮತ್ತು ಬೇಕರ್ ಎಂಬ ಎಂಜಿನಿಯರ್‌ಗಳು ಸುಮಾರು 53 ಸಾವಿರ ಟನ್ ಉಕ್ಕಿನಿಂದ ಇಷ್ಟು ದಪ್ಪ ತೋಳುಗಳ ಸೇತುವೆ ಕಟ್ಟಿದರು. 1890ರಲ್ಲಿ ಉದ್ಘಾಟನೆಯಾಯಿತು, 2015ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ರೈಲು ಇವತ್ತಿಗೂ ಓಡುತ್ತಿದೆ. 11ನೇ ಶತಮಾನದ ರಾಣಿ ಮಾರ್ಗರೆಟ್ ಸೇಂಟ್ ಆಂಡ್ರೂಸ್‌ಗೆ ಹೋಗುವ ಯಾತ್ರಿಕರಿಗಾಗಿ ಇಲ್ಲಿ ದೋಣಿ ಹಾಕಿಸಿದಳು, ಊರಿಗೆ ಆ ಹೆಸರು ಬಂದದ್ದು ಹಾಗೆ. ಪಕ್ಕದ ರಸ್ತೆ ಸೇತುವೆ 1964ರಲ್ಲಿ ತೆರೆದ ಮೇಲೆ ದೋಣಿ ನಿಂತಿತು.

ಚಾಲಕರಿಗೆ ಟಿಪ್ಸ್ ಕಡ್ಡಾಯವಲ್ಲ, ಮನಸ್ಸು ತುಂಬಿದ್ದರೆ ಕೊಡಿ. ಚಿಲ್ಲರೆಗೆ ಸಿಗುವ ನೋಟುಗಳಲ್ಲಿ ಸ್ಕಾಟ್ಲೆಂಡಿನ ಬ್ಯಾಂಕುಗಳು ಅಚ್ಚು ಹಾಕಿದವು ಇರುತ್ತವೆ. ಅವೂ ಪೌಂಡೇ, ಆದರೆ ಲಂಡನ್‌ನ ಕೆಲವು ಅಂಗಡಿಯವರು ಹಿಂದೆ ಮುಂದೆ ನೋಡುತ್ತಾರೆ, ಊರಿಗೆ ತಂದರೆ ಬದಲಾಯಿಸುವುದು ಕಷ್ಟ. ಅಲ್ಲೇ ಖರ್ಚು ಮಾಡಿಬಿಡಿ.